ಓದು ಐಚ್ಛಿಕವಲ್ಲ

ನ್ಯೂಯಾರ್ಕಿನ ಹಾರ್ಲೆಮ್. 1940ರ ದಶಕ ಮುಗಿಯುವ ಹೊತ್ತು. ಗ್ರಂಥಾಲಯದಿಂದ ಕಪ್ಪು ಹುಡುಗನೊಬ್ಬ ಹೊರಗೆ ಬರುತ್ತಾನೆ. ವಯಸ್ಸಿಗೆ ಮೀರಿದ ಎತ್ತರ, ಬಾಸ್ಕೆಟ್‌ಬಾಲ್ ಆಡಿ ಪಳಗಿದ ಕೈಕಾಲು. ಕೈಯಲ್ಲೊಂದು ಕಂದು ಕಾಗದದ ಚೀಲ. ನೋಡಿದವರು ಮನೆಗೆ ದಿನಸಿ ಒಯ್ಯುತ್ತಿದ್ದಾನೆ ಅಂದುಕೊಳ್ಳಬೇಕು. ಚೀಲದೊಳಗೆ ಇರುವುದು ಪುಸ್ತಕ. ಬೀದಿಯ ಹುಡುಗರ ಕಣ್ಣಿಗೆ ಬಿದ್ದರೆ ಗೇಲಿ ತಪ್ಪಿದ್ದಲ್ಲ. ತಿರುಗಿ ಮಾತಾಡೋಣವೆಂದರೆ ನಾಲಿಗೆ ತೊದಲುತ್ತದೆ. ಹಾಗಾಗಿ ಉತ್ತರವೆಲ್ಲ ಮುಷ್ಟಿಯಲ್ಲೇ. ಜಗಳಗಂಟನೆಂಬ ಹೆಸರು ಆಗಲೇ ಬಂದಿದೆ. ಓದುಗನೆಂಬ ಹೆಸರೂ ಬಂದರೆ ಆ ಬೀದಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ?

ಹುಡುಗನ ಹೆಸರು ವಾಲ್ಟರ್ ಮೈಯರ್ಸ್. ಹುಟ್ಟಿದ್ದು 1937ರಲ್ಲಿ, ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿ. ಹೆತ್ತ ತಾಯಿ ಬೇಗನೆ ತೀರಿಕೊಂಡರು. ಸಾಕಿ ಬೆಳೆಸಿದವರು ಹರ್ಬರ್ಟ್ ಮತ್ತು ಫ್ಲಾರೆನ್ಸ್ ಡೀನ್ ದಂಪತಿ. ಅವನಿಗೆ ಅಕ್ಷರ ಹತ್ತಿದ್ದು ಶಾಲೆಗೆ ಹೋಗುವ ಮೊದಲೇ, ಈ ಫ್ಲಾರೆನ್ಸ್ ಅವರ ಮಡಿಲಲ್ಲಿ. ಇಕ್ಕಟ್ಟಾದ ಮನೆ. ಆಕೆಯ ಕೈಯಲ್ಲಿ ಪ್ರೇಮಕಥೆಗಳ ಅಗ್ಗದ ಪತ್ರಿಕೆ. ಆಕೆಯ ಓದು ಮೂರನೇ ತರಗತಿಯ ಮಟ್ಟದ್ದಿರಬಹುದು ಎಂದು ಮೈಯರ್ಸ್ ಬಹಳ ವರ್ಷಗಳ ನಂತರ ಬರೆದರು. ಸಾಲಿನ ಕೆಳಗೆ ಬೆರಳು ನಿಧಾನವಾಗಿ ಜರುಗುತ್ತದೆ, ಮಗುವಿನ ಕಣ್ಣು ಆ ಬೆರಳಿನ ಹಿಂದೆಯೇ ಹೋಗುತ್ತದೆ. ಪಾಠ ಹೇಳುತ್ತಿದ್ದೇನೆ ಎಂದು ಆಕೆಗೂ ಅನ್ನಿಸಿರಲಿಲ್ಲ, ಕಲಿಯುತ್ತಿದ್ದೇನೆ ಎಂದು ಅವನಿಗೂ ತಿಳಿದಿರಲಿಲ್ಲ. ಅವನಿಗೆ ಬೇಕಿದ್ದದ್ದು ಕಥೆ, ಅಷ್ಟೆ.

ಶಾಲೆಯಲ್ಲಿ ಗಟ್ಟಿಯಾಗಿ ಓದುವ ಸರದಿ ಬಂದಾಗಲೆಲ್ಲ ಕಷ್ಟ. ತರಗತಿಯಲ್ಲಿ ಕದ್ದು ಕಾಮಿಕ್ಸ್ ಓದುತ್ತಿದ್ದವನನ್ನು ಒಮ್ಮೆ ಶಿಕ್ಷಕಿ ಹಿಡಿದರು, ಕಾಮಿಕ್ಸ್ ಹರಿದೂ ಹಾಕಿದರು. ಆದರೆ ಅಲ್ಲಿಗೇ ಬಿಡದೆ ಒಳ್ಳೆಯ ಪುಸ್ತಕಗಳ ಒಂದು ರಾಶಿಯನ್ನೇ ತಂದು ಅವನ ಮುಂದಿಟ್ಟರು. ಬೇರೆಯವರ ಸಾಲು ಬಾಯಲ್ಲಿ ಸಿಕ್ಕಿಕೊಳ್ಳುವುದಾದರೆ ನಿನ್ನದೇ ಸಾಲು ಬರೆದು ಓದು ಎಂಬ ದಾರಿಯೂ ಅಲ್ಲೇ ತೆರೆಯಿತು. ತನಗೆ ನುಡಿಯಲಾಗದ ಸದ್ದುಗಳನ್ನೆಲ್ಲ ಬಿಟ್ಟು, ಉಳಿದ ಮಾತುಗಳನ್ನು ಹೆಕ್ಕಿ ಹುಡುಗ ಕವಿತೆ ಕಟ್ಟಿದ. ಒಬ್ಬ ಲೇಖಕ ಹುಟ್ಟಿದ ಗಳಿಗೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಈ ಗಳಿಗೆಯನ್ನೇ ತೋರಿಸುತ್ತೇನೆ.

ಇಷ್ಟಾದರೂ ಪುಸ್ತಕಗಳು ಅವನನ್ನು ಹಿಡಿದು ನಿಲ್ಲಿಸಲಿಲ್ಲ. ಮನೆಯಲ್ಲಿ ಬಡತನ, ಕುಟುಂಬದಲ್ಲಿ ಒಂದು ಕೊಲೆ, ಸಾಕುತಾಯಿಯ ಕುಡಿತ. ಓದುತ್ತ ಹೋದಂತೆ ಇನ್ನೊಂದು ನೋವೂ ಕಾಡತೊಡಗಿತು. ತಾನು ಅಷ್ಟು ಆಸೆಯಿಂದ ಓದುವ ಪುಸ್ತಕಗಳಲ್ಲಿ ತನ್ನಂಥವರು ಯಾರೂ ಇಲ್ಲ. ಹಾರ್ಲೆಮ್ ಇಲ್ಲ, ಅಲ್ಲಿನ ಅಮ್ಮಂದಿರಿಲ್ಲ. ಹುಡುಗ ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟು ಹದಿನೇಳಕ್ಕೆ ಸೈನ್ಯ ಸೇರಿದ. ವಾಪಸು ಬಂದ ಮೇಲೆ ಸಿಕ್ಕಿದ ಕೆಲಸವೆಲ್ಲ ಮಾಡುತ್ತಿದ್ದಾಗ ಜೇಮ್ಸ್ ಬಾಲ್ಡ್‌ವಿನ್ ಅವರ ‘ಸನ್ನೀಸ್ ಬ್ಲೂಸ್’ ಕಥೆ ಕೈಗೆ ಬಂತು. ಅದರಲ್ಲಿ ಹಾರ್ಲೆಮ್ ಇತ್ತು, ತಾನು ಕಂಡ ಕಪ್ಪು ಜನ ಇದ್ದರು. ತನ್ನ ಬೀದಿಯ ಬಗ್ಗೆ ಬರೆಯಬಹುದು ಎಂಬ ಅಪ್ಪಣೆ ಸಿಕ್ಕಂತಾಯಿತು ಎಂದು ಮೈಯರ್ಸ್ ಅದನ್ನು ನೆನೆಯುತ್ತಿದ್ದರು. 1968ರಲ್ಲಿ ಒಂದು ಸ್ಪರ್ಧೆಯಲ್ಲಿ ಗೆದ್ದ ಮಕ್ಕಳ ಕಥೆ ಮರುವರ್ಷ ಪುಸ್ತಕವಾಯಿತು. ಅಲ್ಲಿಂದ ನೂರಕ್ಕೂ ಹೆಚ್ಚು ಪುಸ್ತಕ. ಸಾಕಿದವರ ಹೆಸರನ್ನು ತಮ್ಮ ಹೆಸರಿನ ನಡುವೆ ಸೇರಿಸಿಕೊಂಡು ಅವರು ವಾಲ್ಟರ್ ಡೀನ್ ಮೈಯರ್ಸ್ ಆದರು.

ಆ ಮನೆಯ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಮಗ ಇಷ್ಟೆಲ್ಲ ಪುಸ್ತಕ ಬರೆದರೂ ಹರ್ಬರ್ಟ್ ಡೀನ್ ಅವುಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೆಚ್ಚುಗೆಯೂ ಇಲ್ಲ, ಟೀಕೆಯೂ ಇಲ್ಲ. ಅಪ್ಪನಿಗೆ ತನ್ನ ಕೆಲಸ ಹಿಡಿಸಿಲ್ಲವೆಂದೇ ಮಗ ನೊಂದುಕೊಂಡಿದ್ದರು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ ಎಂದು ಗೊತ್ತಾದದ್ದು ಅಪ್ಪ ಸತ್ತ ಮೇಲೆ.

ಈ ಮನುಷ್ಯನನ್ನು 2012ರ ಜನವರಿಯಲ್ಲಿ ಅಮೆರಿಕ ತನ್ನ ಮಕ್ಕಳ ಸಾಹಿತ್ಯದ ರಾಷ್ಟ್ರೀಯ ರಾಯಭಾರಿ ಎಂದು ಕರೆಯಿತು. ಆಗ ಅವರಿಗೆ 74. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಮಕ್ಕಳ ಪುಸ್ತಕ ಪ್ರಕಾಶಕರ ಬಳಗ ಸೇರಿ 2008ರಲ್ಲಿ ಶುರುಮಾಡಿದ ಹುದ್ದೆ ಇದು. ಬ್ರಿಟನ್ನಿನಲ್ಲಿ ಇದಕ್ಕೂ ಮೊದಲೇ, 1999ರಲ್ಲಿ, ಚಿತ್ರಕಾರ ಕ್ವೆಂಟಿನ್ ಬ್ಲೇಕ್ ಅವರಿಂದ ಇಂಥದೊಂದು ಪರಂಪರೆ ಮೊದಲಾಗಿತ್ತು. ನಮ್ಮ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬರೆದದ್ದಕ್ಕೆ ಸಲ್ಲುವ ಗೌರವ. ರಾಯಭಾರಿ ಹುದ್ದೆ ಹಾಗಲ್ಲ, ಇನ್ನು ಮುಂದೆ ಮಾಡಬೇಕಾದ ಕೆಲಸ. ಕೊರಳಿಗೊಂದು ಪದಕ ಹಾಕಿ ಎರಡು ವರ್ಷ ಊರೂರು ಸುತ್ತಲು ಕಳಿಸುತ್ತಾರೆ. ಶಾಲೆ, ಗ್ರಂಥಾಲಯ, ಪುಸ್ತಕ ಮೇಳ, ಎಲ್ಲಿ ಮಕ್ಕಳಿದ್ದಾರೋ ಅಲ್ಲಿಗೆ. ಪ್ರತಿ ರಾಯಭಾರಿಯೂ ತನ್ನದೇ ಒಂದು ಘೋಷವಾಕ್ಯ ಆರಿಸಿಕೊಳ್ಳುತ್ತಾರೆ.

ಮೊದಲ ರಾಯಭಾರಿ ಜಾನ್ ಶೆಸ್ಕಾ ನಗಿಸಿ ಓದಿಸುವವರು. ಓದಲು ಒಲ್ಲದ ಹುಡುಗರಿಗೆ ಅವರಿಗಿಷ್ಟವಾದದ್ದನ್ನೇ ಕೊಡಿ ಎನ್ನುವವರು. ಮೈಯರ್ಸ್ ಆರಿಸಿಕೊಂಡ ವಾಕ್ಯದಲ್ಲಿ ನಗುವಿರಲಿಲ್ಲ: ಓದು ಐಚ್ಛಿಕವಲ್ಲ. ಓದಿದರೆ ದೂರದ ಲೋಕಗಳಿಗೆ ಹಾರಿಹೋಗುತ್ತೀರಿ ಎಂದು ಪೂಸಿ ಹೊಡೆಯುವುದು ಸಾಕು, ಓದದೆ ಹೋದರೆ ಬದುಕಿನಲ್ಲಿ ಏನಾಗುತ್ತದೆ ಎಂಬುದನ್ನು ನೇರವಾಗಿ ಹೇಳೋಣ ಎಂಬುದು ಅವರ ವಾದ. ಅದಕ್ಕಾಗಿ ಅವರು ಮೊದಲು ಮಾತಾಡಿಸಬಯಸಿದ್ದು ಮಕ್ಕಳನ್ನಲ್ಲ, ಬಡ ಅಪ್ಪ ಅಮ್ಮಂದಿರನ್ನು. ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತ ಕಪ್ಪು ತಂದೆಗೂ ದಿನಕ್ಕೆ ಅರ್ಧ ಗಂಟೆ ಮಗುವಿಗೆ ಓದಿ ಹೇಳಿ ಅದರ ಬಾಳು ಬದಲಿಸುವುದು ಸಾಧ್ಯ ಎನ್ನುತ್ತಿದ್ದರು. ಕೇಳುವವರಿಗೆ ಇದು ಕಟುವೆನಿಸಬಹುದು. ನನಗಂತೂ ಮಕ್ಕಳ ಓದಿನ ಬಗ್ಗೆ ಇಷ್ಟು ಪ್ರೀತಿಯ ಮಾತು ಬೇರೆ ಕೇಳಿದ ನೆನಪಿಲ್ಲ. ಓದನ್ನು ಹವ್ಯಾಸವೆಂದು ಕರೆದರೆ ಅದು ಹವ್ಯಾಸಕ್ಕೆ ಬಿಡುವಿರುವ ಮನೆಯ ಮಕ್ಕಳ ಪಾಲಾಗುತ್ತದೆ. ಮೈಯರ್ಸ್ ಅದನ್ನು ಎಲ್ಲ ಮಕ್ಕಳ ಪಾಲಿಗೂ ತರಬಯಸಿದರು, ಬಾಲಾಪರಾಧಿಗಳ ಪಾಲಿಗೂ.

ಬಾಲಾಪರಾಧಿಗಳನ್ನಿಡುವ ಬಂದಿಖಾನೆಗಳಿಗೆ ಅವರು ಹೋಗುತ್ತಿದ್ದರು, ಬಂದಿಗಳ ಜೊತೆ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ‘ಮಾನ್‌ಸ್ಟರ್’ ಕಾದಂಬರಿ ಹುಟ್ಟಿದ್ದು ಅಂಥ ಮಾತುಕತೆಗಳಿಂದ. ಅದರ ನಾಯಕ ಹದಿನಾರರ ಸ್ಟೀವ್ ಹಾರ್ಮನ್ ಕೊಲೆ ಆರೋಪ ಹೊತ್ತು ಜೈಲಿನಲ್ಲಿದ್ದಾನೆ. ತನಗೆ ಆಗುತ್ತಿರುವುದು ತನಗೇ ನಂಬಲಾಗದೆ ಎಲ್ಲವನ್ನೂ ಸಿನಿಮಾ ಚಿತ್ರಕಥೆಯಾಗಿ ಬರೆದುಕೊಳ್ಳುತ್ತಾನೆ. ವಕೀಲರು ಪಾತ್ರಗಳಾಗುತ್ತಾರೆ, ಕೋರ್ಟು ದೃಶ್ಯವಾಗುತ್ತದೆ. ಹದಿಹರೆಯದವರ ಸಾಹಿತ್ಯಕ್ಕೆ ಕೊಡುವ ಪ್ರಿಂಟ್ಜ್ ಪ್ರಶಸ್ತಿಯನ್ನು 2000ದಲ್ಲಿ ಮೊದಲ ಬಾರಿಗೆ ಕೊಟ್ಟಾಗ ಅದು ಸಂದದ್ದು ಈ ಪುಸ್ತಕಕ್ಕೆ.

ರಾಯಭಾರದ ಅವಧಿ ಮುಗಿದ ಮೇಲೆ, 2014ರ ಮಾರ್ಚ್‌ನಲ್ಲಿ, ಅವರು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಒಂದು ಲೇಖನ ಬರೆದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರದ ಲೆಕ್ಕದಂತೆ 2013ರಲ್ಲಿ ಬಂದ 3,200 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನರ ಕುರಿತವು ಬರೀ 93. ಇದರಿಂದ ಆಗುವ ಕೇಡು ಯಾರಿಗೆ ಎಂಬುದಕ್ಕೆ ಅವರು ಹಳೆಯ ಒಂದು ಪ್ರಸಂಗ ಹೇಳಿದರು. ಹಿಂದೆ ಅವರು ಟ್ರಾನ್ಸ್‌ಫಾರ್ಮರ್ ಕಂಪನಿಯೊಂದರ ನೇಮಕಾತಿ ವಿಭಾಗದಲ್ಲಿದ್ದಾಗ ರಸಾಯನಶಾಸ್ತ್ರಜ್ಞನ ಹುದ್ದೆಗೆ ಇಬ್ಬರು ಸಮಸಮ ಅಭ್ಯರ್ಥಿಗಳು ಬಂದಿದ್ದರು. ಒಬ್ಬ ಬಿಳಿಯ, ಒಬ್ಬ ಕಪ್ಪು. ಇಬ್ಬರನ್ನೂ ಪ್ರಯೋಗಾಲಯಕ್ಕೆ ಕಳಿಸೋಣ ಎಂದರೆ ಮೇಲಧಿಕಾರಿಗೆ ಆ ಮಾತೇ ತಲೆಗೆ ಹೋಗಲಿಲ್ಲ. ಕಪ್ಪು ರಸಾಯನಶಾಸ್ತ್ರಜ್ಞನ ಚಿತ್ರವೇ ಆತನ ಮನಸ್ಸಿನಲ್ಲಿರಲಿಲ್ಲ. ಯಾವ ಪುಸ್ತಕದಲ್ಲಿ ಕಂಡಿದ್ದಾನು? ಹಾಗಾಗಿ ಆ 93ರ ಕೊರತೆ ಕಪ್ಪು ಮಕ್ಕಳಿಗಷ್ಟೇ ಅಲ್ಲ, ಮುಂದೆ ಮೇಜಿನ ಆಚೆ ಕೂತು ಕೆಲಸ ಕೊಡುವ ಬಿಳಿಯ ಮಕ್ಕಳಿಗೂ ತಟ್ಟುತ್ತದೆ. ಅದೇ ವರ್ಷದ ಜುಲೈ 1ರಂದು ಮೈಯರ್ಸ್ ತೀರಿಕೊಂಡರು.

ಅವರ ನಂತರ ರಾಯಭಾರಿಗಳಾಗಿ ಬಂದವರಲ್ಲಿ ಜೀನ್ ಲುಯೆನ್ ಯಾಂಗ್, ನಿಮ್ಮಂತಿರದ, ನಿಮ್ಮಂತೆ ಬದುಕದ ಒಬ್ಬರ ಕುರಿತ ಪುಸ್ತಕ ಓದಿ ಎಂದು ಮಕ್ಕಳಿಗೆ ಸವಾಲು ಹಾಕಿದರು. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಜೇಸನ್ ರೆನಾಲ್ಡ್ಸ್ ಹತ್ತಿರ. ಮೇರಿಲ್ಯಾಂಡಿನ ಆಕ್ಸನ್ ಹಿಲ್‌ನಲ್ಲಿ ಬೆಳೆದ ಈತ ಹದಿನೇಳು ತುಂಬುವವರೆಗೆ ಒಂದು ಕಾದಂಬರಿಯನ್ನೂ ಓದಿ ಮುಗಿಸಿರಲಿಲ್ಲ. ಅವನ ಮೊದಲ ಕವಿತಾ ಪುಸ್ತಕವೆಂದರೆ ಕ್ವೀನ್ ಲತೀಫಾ ಅವರ ರ‍್ಯಾಪ್ ಕ್ಯಾಸೆಟ್ಟಿನೊಳಗೆ ಮಡಿಚಿಟ್ಟಿದ್ದ ಹಾಡಿನ ಹಾಳೆ. ಮುಂದೆ ಬರವಣಿಗೆ ಕೈಹಿಡಿಯದೆ ನ್ಯೂಯಾರ್ಕಿನ ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಿದ್ದಾಗ, ನಿನ್ನ ದನಿಯಲ್ಲೇ ಬರೆ, ನನ್ನ ಅಪ್ಪನ ನಂತರ ಈ ಕೆಲಸ ಮಾಡುವವರು ಯಾರು ಎಂದು ಬೆನ್ನು ಹತ್ತಿದ್ದು ಗೆಳೆಯ ಕ್ರಿಸ್ಟೋಫರ್, ವಾಲ್ಟರ್ ಡೀನ್ ಮೈಯರ್ಸ್ ಅವರ ಮಗ. ಆಗ ಮೈಯರ್ಸ್ ಅವರ ಕಾದಂಬರಿಯೊಂದನ್ನು ಓದಿದ ಮೇಲೆ ರೆನಾಲ್ಡ್ಸ್ ಮತ್ತೆ ಪೆನ್ನು ಹಿಡಿದರು.

2020ರ ಜನವರಿಯಲ್ಲಿ ಅವರೂ ರಾಯಭಾರಿಯಾದರು. ಲೇಖಕರು ಹೆಚ್ಚಾಗಿ ತಲುಪದ ಸಣ್ಣ ಊರುಗಳಿಗೆ ಹೋಗಬೇಕು, ಭಾಷಣ ಬಿಟ್ಟು ಮಕ್ಕಳ ಕಥೆ ಕೇಳಬೇಕು ಎಂಬುದು ಅವರ ಹಂಬಲ. ಎರಡೇ ತಿಂಗಳಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದವು. ರೆನಾಲ್ಡ್ಸ್ ಕ್ಯಾಮೆರಾ ಮುಂದೆ ಕೂತರು. ಲೈಬ್ರರಿ ಆಫ್ ಕಾಂಗ್ರೆಸ್ ಜೊತೆಗೂಡಿ ಪುಟ್ಟ ಪುಟ್ಟ ವೀಡಿಯೊ ಮಾಡಿ, ಮನೆಯಲ್ಲಿ ಸಿಕ್ಕಿಬಿದ್ದ ಮಕ್ಕಳಿಗೆ ಬರೆಯಲು ಒಂದೊಂದು ಎಳೆ ಕೊಡುತ್ತ ಹೋದರು. ಊರು ಸುತ್ತುವ ಕೆಲಸ ಬಾಕಿ ಉಳಿದಿತ್ತಾದ್ದರಿಂದ ಅವರ ಅವಧಿ ಮೂರನೇ ವರ್ಷಕ್ಕೂ ಮುಂದುವರಿಯಿತು. ಶಾಲೆಗಳು ತೆರೆದ ಮೇಲೆ ಅವರು ಹೊರಟೇ ಹೊರಟರು, ಮೈಕನ್ನು ಮಕ್ಕಳ ಕೈಗೆ ಕೊಡಲು.