ಹಿಮದ ಕೆಳಗಿನ ಶೇಡಿ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಲ್ಲಿ ಹಿಮ ಬೀಳುವುದಿಲ್ಲ. ಆದರೆ ಹಿಮಕುಸಿತದ ಸಂಕಟ ಈ ಸೀಮೆಯ ಹತ್ತಿರಕ್ಕೇ ಬಂದು ಹೋಗಿದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ ಹತ್ತು ಸೈನಿಕರಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರು. ಸೈನಿಕ ಕರ್ತವ್ಯಕ್ಕಾಗಿ ಅಲ್ಲಿ ನಿಲ್ಲಲೇಬೇಕು. ಚಳಿಗಾಲದ ಚಾರಣಕ್ಕೆಂದು ಹಿಮಾಲಯಕ್ಕೆ ಹೋಗುವ ನಮ್ಮ ಮಕ್ಕಳಿಗೆ ಆ ಕಟ್ಟಿಲ್ಲ, ಅವರು ಹಿಂದಿರುಗಬಹುದು. ಯಾವಾಗ ಹಿಂದಿರುಗಬೇಕೆಂದು ತಿಳಿಯುವುದೇ ಅವರು ಕಲಿಯಬೇಕಾದ ಮೊದಲ ವಿದ್ಯೆ.

ಆ ವಿದ್ಯೆಯ ತಿರುಳು ಘಟ್ಟದವರಿಗೆ ಹೊಸದಲ್ಲ. 2021ರ ಜುಲೈ ಮಳೆಗೆ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದದ್ದನ್ನು ಇಲ್ಲಿನವರು ಮರೆತಿಲ್ಲ. ಮೇಲೆ ಗಟ್ಟಿ ಕಾಣುವ ನೆಲ, ಕೆಳಗಿನ ಶೇಡಿ ಮಣ್ಣು ನೀರು ಕುಡಿದಾಗ ಹಿಡಿತ ಕಳೆದುಕೊಳ್ಳುತ್ತದೆ. ಹಿಮದಲ್ಲೂ ಹಾಗೆಯೇ, ಅಪಾಯವಿರುವುದು ಪದರದ ಕೆಳಗೆ. ನೆಲಕ್ಕೆ ತಾಗಿದ ಹಿಮ ತುಸು ಬೆಚ್ಚಗಿದ್ದು ಮೇಲ್ಮೈ ಕೊರೆಯುತ್ತಿದ್ದರೆ, ಒಳಗಿನ ಆವಿ ಮೇಲೇರುತ್ತ ಹಿಮವನ್ನು ದಪ್ಪ ಹರಳಾಗಿಸುತ್ತದೆ. ಅದನ್ನು ಅಂಗೈಯಲ್ಲಿ ಹಿಡಿದು ಎಷ್ಟು ಒತ್ತಿದರೂ ಉಂಡೆಯಾಗದು. ಸಕ್ಕರೆಯಂತೆ ಬೆರಳ ಸಂದಿಯಲ್ಲಿ ಸುರಿದುಹೋಗುತ್ತದೆ. ಇಂಥ ಹರಳಿನ ಮೇಲೆ ಗಾಳಿ ಹೊಸ ಹಿಮವನ್ನು ತಂದು ಹಲಗೆಯಂತೆ ಕೂರಿಸಿದಾಗ, 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬ ಮನುಷ್ಯನ ಭಾರವೇ ಸಾಕು. ಕಾಲಡಿ ‘ಧುಪ್’ ಎಂಬ ಸದ್ದು, ಹೆಜ್ಜೆಯಿಂದ ಹೊರಟು ಓಡುವ ಬಿರುಕು, ಪಕ್ಕದ ಇಳಿಜಾರಿನ ಹೊಸ ಕುಸಿತ: ಇವು ಬೆಟ್ಟ ಕೊಡುವ ಎಚ್ಚರಿಕೆಗಳು. ಚಾರಣಿಗರನ್ನು ಬಲಿ ತೆಗೆದುಕೊಂಡ ಬಹುಪಾಲು ಕುಸಿತಗಳನ್ನು ಕೆದಕಿದ್ದು ಅವರದೇ ತಂಡದ ಹೆಜ್ಜೆ. ಆದ್ದರಿಂದ ಇದನ್ನು ಹಣೆಬರಹ ಎನ್ನಲಾಗದು.

‘ಗೈಡ್ ಇದ್ದಾರಲ್ಲ’ ಎನ್ನುವವರುಂಟು. ಅನುಭವಿ ಗೈಡ್ ಬೇಕೇ ಬೇಕು. ಆದರೆ 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಾಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಯದೇ ತಂಡ. ಮಡಿದವರಲ್ಲಿ ಅದೇ ವರ್ಷ ಎವರೆಸ್ಟ್ ಏರಿದ್ದ ಸವಿತಾ ಕಂಸ್ವಾಲ್ ಕೂಡ ಇದ್ದರು. ಅನುಭವಕ್ಕೂ ಮಿತಿಯಿದೆ. ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹೊರಡಿಸುವ ಹಿಮಕುಸಿತದ ಮುನ್ನೆಚ್ಚರಿಕೆಯನ್ನು ತಪ್ಪದೆ ನೋಡಬೇಕು. ಆದರೆ ಅದು ಪ್ರದೇಶದ ಅಪಾಯ ಹೇಳೀತೇ ಹೊರತು ಕಣ್ಣೆದುರಿನ ಇಳಿಜಾರಿನದಲ್ಲ. ‘ಹನುಮಂತಪ್ಪ ಹಿಮದಡಿ ಆರು ದಿನ ಬದುಕಿದ್ದರಲ್ಲ’ ಎಂಬ ಮಾತೂ ಇದೆ. ಅದು ಅಪರೂಪದಲ್ಲಿ ಅಪರೂಪ. ಹೊರತೆಗೆದ ಮೇಲೂ ಅವರು ಫೆಬ್ರುವರಿ 11ರಂದು ನಮ್ಮನ್ನಗಲಿದರು. ಪೂರ್ತಿ ಹೂತವರ ಬದುಕುವ ಅವಕಾಶ ಮೊದಲ ಕಾಲು ಗಂಟೆ ಕಳೆಯುತ್ತಲೇ ಕುಸಿಯುತ್ತದೆ. ಅಷ್ಟರಲ್ಲಿ ಹೊರಗಿನ ನೆರವು ಬಾರದು. ಜೊತೆಗಾರರ ಬಳಿ ಸಿಗ್ನಲ್ ಯಂತ್ರ, ಶೋಧಕ ಕೋಲು, ಸಲಿಕೆ ಇದ್ದರಷ್ಟೇ ಆಸೆ.

‘ಇಷ್ಟು ದುಡ್ಡು ಸುರಿದು ಶಿಖರ ಮುಟ್ಟದೆ ಬರುವುದೇ’ ಎಂಬ ಸಂಕೋಚವೇ ಎಲ್ಲಕ್ಕಿಂತ ದೊಡ್ಡ ಅಡ್ಡಿ. ಮಳೆಗಾಲದಲ್ಲಿ ಗುಡ್ಡ ಬಿರುಕು ಬಿಟ್ಟಾಗ ಮನೆ ಬಿಟ್ಟು ಬರುವವರನ್ನು ನಾವು ಹೇಡಿ ಎನ್ನುವುದಿಲ್ಲ, ಬದುಕಿದರಲ್ಲ ಎಂದು ನಿಟ್ಟುಸಿರು ಬಿಡುತ್ತೇವೆ. ಹಿಮದ ಬಿರುಕು ಕಂಡು ಅರ್ಧದಾರಿಯಿಂದ ಮರಳಿದ ಮಗಳಿಗೂ ಮನೆಯಲ್ಲಿ ಅದೇ ಸ್ವಾಗತ ಸಿಗಬೇಕು.