ಕಲ್ಲು ಕರಗುವ ಕಡೆ ಕಾಗದದ ಗೋಡೆ

ಉಮರ್ಗಾದ ಓದುಗರೊಬ್ಬರು ಸ್ವಲ್ಪ ಸಿಟ್ಟಿನಿಂದಲೇ ಕೇಳಿದ್ದಾರೆ. ಹೈದರಾಬಾದ್ ಹೆದ್ದಾರಿಯ ಹೊಸ ಹೋಟೆಲುಗಳ ಶೌಚಾಲಯಗಳಲ್ಲಿ ಅಡ್ಡಹಲಗೆಯಾಗಲಿ ಬಾಗಿಲಾಗಲಿ ನೆಲ ಮುಟ್ಟುವುದಿಲ್ಲ, ಕೆಳಗೆ ಅಂಗೈ ಹಾಯುವಷ್ಟು ಸಂದು. ‘ಇದು ಹಲಗೆ ಉಳಿಸೋ ಜಿಪುಣತನ ಅಲ್ಲೇನ್ರಿ? ಹಿಂದಿನವರಂಗ ಶಹಾಬಾದ ಫರಸಿ ನಿಲ್ಲಿಸಿದ್ರ ಮಾನಾನೂ ಉಳೀತಿತ್ತು, ನೂರು ವರ್ಷ ಬಾಳತಿತ್ತು.’

ಮಾನದ ಮಾತು ಆಮೇಲೆ. ನೂರು ವರ್ಷದ ಮಾತೇ ನನಗೆ ಹೆಚ್ಚು ರುಚಿಸಿತು.

ಉಮರ್ಗಾ, ನಿಲಂಗಾ, ಉದಗೀರ ಕಡೆಯ ಕಲ್ಲು ಕಪ್ಪು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಆದದ್ದು. ಬಲು ಗಟ್ಟಿ, ಆದರೆ ಒಡೆದರೆ ತುಂಡುತುಂಡಾಗಿ ಬೀಳುತ್ತದೆಯೇ ಹೊರತು ಹಲಗೆಯಾಗಿ ಏಳುವುದಿಲ್ಲ. ಗಡಿಯಾಚೆ, ಕಲಬುರಗಿ ಜಿಲ್ಲೆಯ ಶಹಾಬಾದಿನದು ಬೇರೆಯೇ ಜಾತಿ. ಅದು ಸುಣ್ಣದ ಕಲ್ಲು, ಡೈನೋಸಾರ್‌ಗಳು ಹುಟ್ಟುವುದಕ್ಕೂ ಬಹಳ ಮೊದಲು ಸಮುದ್ರದ ತಳದಲ್ಲಿ ಪದರಪದರವಾಗಿ ಕೂತದ್ದು. ಉಳಿಯಿಟ್ಟು ಹೊಡೆದರೆ ಪದರಗುಂಟ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಈ ಸೀಮೆಯ ಬಚ್ಚಲಿಗೆ, ಕಟ್ಟೆಗೆ, ಸಂಡಾಸಿಗೆ, ಬಸ್ ಸ್ಟ್ಯಾಂಡಿನ ಮುತಾರಿಯ ಅಡ್ಡಗಲ್ಲಿಗೆ ಎಲ್ಲಕ್ಕೂ ಅದೇ ಫರಸಿ.

ಆ ಕಲ್ಲಿನ ವೈರಿ ಹುಳಿ. ನಯಗೊಳಿಸಿದ ಫರಸಿಯ ಮೂಲೆಯೊಂದರಲ್ಲಿ ನಿಂಬೆರಸ ಹನಿಸಿ, ತುಸು ಹೊತ್ತು ಬಿಟ್ಟು ಒರೆಸಿ ನೋಡಿ. ಹೊಳಪು ಹೋಗಿ ಮಾಸಲು ಮಚ್ಚೆ ಉಳಿಯುತ್ತದೆ. ಅದೇ ಹುಣಸೆಹುಳಿ ಹಾಕಿ ಚಟ್ನಿ ಅರೆದ ಅಜ್ಜಿಯ ಕರಿಯ ಒರಳಿಗೆ ಏನೂ ಆಗಿರುವುದಿಲ್ಲ, ಅದು ಬಸಾಲ್ಟ್. ನಿಂಬೆಗೇ ಹೀಗಾದರೆ ಅಂಗಡಿಯ ಆಸಿಡ್ ಬಾಟ್ಲಿ ಏನು ಮಾಡೀತು? ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ನೀರಿನ ಪಾಲು ಬಿಟ್ಟು ಲೆಕ್ಕ ಹಾಕಿದರೆ 100 ಗ್ರಾಂ ಆಮ್ಲಕ್ಕೆ ಸುಮಾರು 137 ಗ್ರಾಂ ಸುಣ್ಣದ ಕಲ್ಲನ್ನು ನುಂಗುವ ತಾಕತ್ತಿದೆ.

ಆಸಿಡ್ ಸುರಿದಾಗ ಬುಸ್ಸೆಂದು ನೊರೆಯೇಳುತ್ತದಲ್ಲ, ಆಗ ತೊಳೆಯಿಸುವವರ ಮುಖದ ಸಂಭ್ರಮ ನೋಡಬೇಕು. ‘ನೋಡ್ರಿ, ಹೊಲಸು ಹ್ಯಾಂಗ ಕುದೀಲಾಕತ್ತದ!’ ಕುದಿಯುತ್ತಿರುವುದು ಕಲ್ಲು, ಮಹಾರಾಯರೇ! ನೊರೆಯ ಗುಳ್ಳೆಗಳಲ್ಲಿ ಇರುವುದು ಕಲ್ಲನ್ನು ಬಿಟ್ಟು ಹೊರಟ ಕಾರ್ಬನ್ ಡೈಆಕ್ಸೈಡ್. ನಂಬಿಕೆಗೆ ಅರ್ಧ ಆಧಾರವಿದೆ ಅನ್ನಿ. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಮೂಗಿಗೆ ಹೊಡೆಯುವ ಅಮೋನಿಯಾ ಹುಟ್ಟುತ್ತದೆ. ಅದರ ಬೆನ್ನಿಗೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹಳದಿ ಕರೆಯಾಗಿ ಕಲ್ಲಿಗೆ ಕಚ್ಚಿಕೊಳ್ಳುತ್ತವೆ. ಆ ಕರೆ ಆಸಿಡ್‌ಗೆ ಕರಗುತ್ತದೆ ನಿಜ. ಆದರೆ ಕರೆ ಯಾವುದು, ಕಲ್ಲು ಯಾವುದು ಎಂದು ಆಸಿಡ್ ವಿಚಾರಿಸುವುದಿಲ್ಲ. ನುಣುಪು ಹೋಗಿ ಕಲ್ಲು ತರಿತರಿಯಾಗುತ್ತದೆ, ಆ ಕುಳಿಗಳಲ್ಲಿ ಮುಂದಿನ ಕರೆ ಇನ್ನೂ ಬೇಗ ಕೂರುತ್ತದೆ, ನಾತ ಹೆಚ್ಚುತ್ತದೆ, ಮತ್ತೆ ಆಸಿಡ್ ಬರುತ್ತದೆ. ಫರಸಿ ಹಿಡಿದಿಟ್ಟ ಸಿಮೆಂಟೂ ಅದರೊಂದಿಗೇ ಸವೆಯುತ್ತದೆ. ಇನ್ನೆಲ್ಲಿಯ ನೂರು ವರ್ಷ!

ಈಗ ಹೆದ್ದಾರಿ ಹೋಟೆಲಿನ ಹಲಗೆಗೆ ಬರೋಣ. ಪ್ಲಾಸ್ಟಿಕ್ಕಿನಂತೆ ಕಾಣುವ ಆ ಹಲಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಾಗದ! ಪೊಟ್ಟಣ ಕಟ್ಟುವಂಥ ಕಂದು ಕ್ರಾಫ್ಟ್ ಕಾಗದವನ್ನು ಫಿನಾಲಿಕ್ ರಾಳದಲ್ಲಿ ತೋಯಿಸಿ, ಹತ್ತಾರು ಹಾಳೆ ಪೇರಿಸಿ, 120 ಡಿಗ್ರಿಗೂ ಮೇಲಿನ ಬಿಸಿಯಲ್ಲಿ, ಗಾಳಿಯ ಒತ್ತಡದ 50 ಪಟ್ಟಿಗೂ ಹೆಚ್ಚು ಒತ್ತಡದಲ್ಲಿ ಅದುಮುತ್ತಾರೆ. ಕಾಂಪ್ಯಾಕ್ಟ್ ಲ್ಯಾಮಿನೇಟ್ ಎಂದು ಹೆಸರು, ದಪ್ಪ ಸಾಮಾನ್ಯವಾಗಿ 12 ಮಿಲಿಮೀಟರ್. ರಾಳ ನಮಗೆ ಹೊಸದೇನಲ್ಲ. ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ರೂಪಿಸಿದ ಬೇಕಲೈಟ್ ಅದರ ಮೂಲಪುರುಷ. ಹಳೆಯ ಕರಿ ಸ್ವಿಚ್ಚು, ಕುಕ್ಕರಿನ ಹಿಡಿಕೆ ಅದೇ ವಂಶದವು. ಬಿಸಿ ತಾಗಿದೊಡನೆ ಅದರ ಅಣುಗಳು ಎಲ್ಲ ದಿಕ್ಕಿಗೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಮತ್ತೆ ಕಾಯಿಸಿದರೂ ಕರಗುವುದಿಲ್ಲ. ಪ್ಲೈವುಡ್ಡು ಕತ್ತರಿಸಿದ ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ. ಇಲ್ಲಿ ಕಾಗದದ ನಾರಿನ ಎಡೆಯಲ್ಲೆಲ್ಲ ರಾಳವೇ ತುಂಬಿರುವುದರಿಂದ ನೀರಿಗೆ ಹೆಚ್ಚು ಜಾಗವಿಲ್ಲ. ನನಗೆ ಅತಿ ಇಷ್ಟವಾದ ಸಂಗತಿಯೆಂದರೆ, ಈ ‘ಕಾಗದ’ದ ತುಂಡನ್ನು ಬಕೆಟ್ಟಿಗೆ ಹಾಕಿದರೆ ಮುಳುಗುತ್ತದೆ! ನೀರಿಗಿಂತ ಅದರ ಸಾಂದ್ರತೆ ಸುಮಾರು 1.35 ಪಟ್ಟು.

ಹಾಗಿದ್ದೂ ಒಂದು ಚದರ ಮೀಟರಿಗೆ ತೂಕ ಹದಿನಾರು ಕಿಲೋ ಚಿಲ್ಲರೆ. 30 ಮಿಲಿಮೀಟರ್ ದಪ್ಪದ ಫರಸಿಯಾದರೆ ಎಪ್ಪತ್ತೆಂಟರ ಹತ್ತಿರ. ಗೋಡೆ ಭಾರವಿದ್ದಷ್ಟೂ ಭದ್ರ ಎನ್ನುವವರು ಇನ್ನೂ ಇದ್ದಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆದಾಗ ಇದೇ ಉಮರ್ಗಾ, ಔಸಾ ಭಾಗದಲ್ಲಿ ಜನರ ಮೇಲೆ ಬಿದ್ದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳೇ.

ಹಗುರವಾದ್ದರಿಂದಲೇ ಹಲಗೆಯನ್ನು ಕಾಲುಗಳ ಮೇಲೆ ನಿಲ್ಲಿಸಬಹುದು. ಸಂದಿನ ಗುಟ್ಟೂ ಇಲ್ಲೇ ಇದೆ. ನೀರು ಹರಿಯಬೇಕೆಂದು ಶೌಚಾಲಯದ ನೆಲವನ್ನು ಇಳಿಜಾರಾಗಿಯೇ ಮಾಡುತ್ತಾರೆ. ತಿರುಪಿನ ಕಾಲನ್ನು ಏರಿಸಿ ಇಳಿಸಿ ಹಲಗೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಹತ್ತರಿಂದ ಹದಿನೈದು ಸೆಂಟಿಮೀಟರ್ ಬಿಟ್ಟರೆ ಸಾಲಿಗೆ ಸಾಲೇ ಒಂದೇ ಪೈಪಿನಿಂದ ತೊಳೆಯಬಹುದು, ಗಾಳಿಯಾಡುತ್ತದೆ, ಒಳಗೆ ಯಾರಾದರೂ ತಲೆಸುತ್ತಿ ಬಿದ್ದರೆ ಹೊರಗಿನವರಿಗೆ ತಿಳಿಯುತ್ತದೆ. ಇನ್ನು ಮಾನ: ನಿಂತವರ ಕಣ್ಣಿಗೆ ಆ ಸಂದಿನಲ್ಲಿ ಕಾಣುವುದು ಚಪ್ಪಲಿ ಮಾತ್ರ. ಸದ್ದು ಮಾತ್ರ ಕೆಳಗಿಂದಲೂ ಮೇಲಿಂದಲೂ ಧಾರಾಳ ಹಾಯುತ್ತದೆ, ಅದನ್ನು ಒಪ್ಪಲೇಬೇಕು. ಮೇಲೆ ತೆರೆದ ಫರಸಿಯೂ ಅದನ್ನು ತಡೆದದ್ದಿಲ್ಲ.

ಫರಸಿ ಈಗಾಗಲೇ ಇದ್ದವರು ಅದನ್ನು ಕೀಳಬೇಕಿಲ್ಲ. ಮೂತ್ರ ಒಣಗುವ ಮೊದಲೇ ನೀರು ಸುರಿದರೆ, ಸಾಬೂನು ಹಾಕಿ ಬ್ರಶ್ಶಿನಿಂದ ತಿಕ್ಕಿದರೆ ಕರೆ ಕೂರುವುದು ಬಹಳ ಕಡಿಮೆ. ಹೊಸ ಹಲಗೆಗೂ ಸಾಬೂನು ನೀರೇ ಸಾಕು, ತೀಕ್ಷ್ಣ ಆಸಿಡ್ ಅದರ ಮೇಲ್ಮೈಯನ್ನೂ ಕೆಡಿಸುತ್ತದೆ. ಆಸಿಡ್ ಬಿದ್ದ ಕಡೆ ಬ್ಲೀಚಿಂಗ್ ಪೌಡರ್ ಮಾತ್ರ ಎರಚಲೇಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ; ನೆಲದ ಹತ್ತಿರವೇ, ಕುಕ್ಕುರುಗಾಲಲ್ಲಿ ಕೂತು ತಿಕ್ಕುವವರ ಮುಖದ ಮಟ್ಟಕ್ಕೆ ನಿಲ್ಲುತ್ತದೆ.