ಬ್ಯಾಟರಿ ಕೊಳ್ಳುವಾಗ ಯಾವ ಅಂಕಿ ನೋಡಬೇಕು?

ಏಪ್ರಿಲ್ ಬಂತೆಂದರೆ ಯಲಬುರ್ಗಾ ಸೀಮೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಅದೇ ಹೊತ್ತಿಗೆ ಕಾಲೇಜು ಹುಡುಗರ ಪ್ರಾಜೆಕ್ಟು, ಪರೀಕ್ಷೆಗಳೂ ಬರುತ್ತವೆ. ನಡುವೆ ಕರೆಂಟು ಹೋದರೆ ಲ್ಯಾಪ್‌ಟಾಪ್ ಎಷ್ಟು ಹೊತ್ತು ತಡೆಯುತ್ತದೆ ಎಂಬ ಚಿಂತೆ. ಬ್ಯಾಟರಿ ಹೋಗಿದೆ ಎಂದು ಕೊಪ್ಪಳಕ್ಕೋ ಗಂಗಾವತಿಗೋ ಹೋಗಿ ಹೊಸದನ್ನು ಕೇಳಿದರೆ, ಅಂಗಡಿಯವರು ಮೊದಲು ಹೇಳುವುದು ಎಂಎಎಚ್ ಲೆಕ್ಕ. ತಪ್ಪು ತಿಳಿವಳಿಕೆ ಶುರುವಾಗುವುದು ಅಲ್ಲಿಂದಲೇ.

ಒಂದು ಬ್ಯಾಟರಿಯ ಮೇಲೆ 4400 ಎಂಎಎಚ್, ಇನ್ನೊಂದರ ಮೇಲೆ 3300 ಎಂಎಎಚ್ ಎಂದು ಬರೆದಿದ್ದರೆ ಮೊದಲನೆಯದೇ ದೊಡ್ಡದು ಅನ್ನಿಸುವುದು ಸಹಜ. ಆದರೆ ಮೊದಲನೆಯದು 11.1 ವೋಲ್ಟಿನದು, ಎರಡನೆಯದು 14.8 ವೋಲ್ಟಿನದು ಎಂದುಕೊಳ್ಳಿ. ಆಗ ಎರಡರಲ್ಲೂ ತುಂಬಿರುವ ಶಕ್ತಿ ಒಂದೇ. ಹತ್ತು ಚೀಲ ಸಜ್ಜೆ ಎಂದಷ್ಟೇ ಹೇಳಿದರೆ ತೂಕ ತಿಳಿಯುವುದಿಲ್ಲ, ಚೀಲಕ್ಕೆ ಎಷ್ಟು ಕಿಲೋ ಎಂಬುದೂ ಗೊತ್ತಿರಬೇಕು. ಇಲ್ಲಿ ಎಂಎಎಚ್ ಎಂಬುದು ಚೀಲಗಳ ಎಣಿಕೆ, ವೋಲ್ಟ್ ಎಂಬುದು ಒಂದು ಚೀಲದ ತೂಕ. ಎರಡನ್ನೂ ಗುಣಿಸಿ 1000ದಿಂದ ಭಾಗಿಸಿದರೆ ವ್ಯಾಟ್-ಅವರ್ ಸಿಗುತ್ತದೆ. ಮೇಲಿನ ಎರಡೂ ಬ್ಯಾಟರಿಗಳಿಗೆ ಉತ್ತರ 48.84. ಹಾಗೆಂದು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವಂತಿಲ್ಲ. ವೋಲ್ಟೂ ಮಾದರಿ ಸಂಖ್ಯೆಯೂ ಹಳೆಯ ಬ್ಯಾಟರಿಗೆ ಹೊಂದಲೇಬೇಕು.

ವ್ಯಾಟ್-ಅವರ್ ಗೊತ್ತಾದರೆ ಉಳಿದ ಲೆಕ್ಕ ಸುಲಭ. ಬರೆಯುವುದು, ಓದುವುದು ಮುಂತಾದ ಹಗುರ ಕೆಲಸಕ್ಕೆ ಲ್ಯಾಪ್‌ಟಾಪ್ ಸುಮಾರು 10 ವ್ಯಾಟ್ ಎಳೆದರೆ, ಸುಮಾರು 50 ವ್ಯಾಟ್-ಅವರ್ ಬ್ಯಾಟರಿ 5 ತಾಸು ನಡೆಯುತ್ತದೆ. ಗೇಮ್ ಆಡುತ್ತ 40 ವ್ಯಾಟ್ ಎಳೆದರೆ ಅದೇ ಬ್ಯಾಟರಿ ಒಂದೂಕಾಲು ತಾಸಿಗೆ ಬರಿದು. ಜೆಸ್ಕಾಂ ಬಿಲ್ಲಿನ ಒಂದು ಯೂನಿಟ್ ಎಂದರೆ 1000 ವ್ಯಾಟ್-ಅವರ್. ಅಂದರೆ ಸೋರಿಕೆ ಕಳೆದರೂ ಒಂದು ಯೂನಿಟ್‌ನಲ್ಲಿ ಹದಿನೈದು ಸಲಕ್ಕಿಂತ ಹೆಚ್ಚು ಬಾರಿ ಈ ಬ್ಯಾಟರಿ ತುಂಬಬಹುದು.

ಮನೆಯ ಇನ್ವರ್ಟರ್‌ಗೆ ಹಾಕುವ 12 ವೋಲ್ಟ್, 150 ಎಎಚ್ (ಒಂದು ಎಎಚ್ ಎಂದರೆ 1000 ಎಂಎಎಚ್) ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇರುತ್ತದೆ. ಅದರ ತೂಕ 50 ಕಿಲೋ ದಾಟುತ್ತದೆ, ಎತ್ತಲು ಇಬ್ಬರು ಬೇಕು. ಅಷ್ಟೇ ಶಕ್ತಿಯನ್ನು ಲ್ಯಾಪ್‌ಟಾಪ್ ಬ್ಯಾಟರಿಗಳಲ್ಲಿ ತುಂಬಿದರೆ ತೂಕ ಹನ್ನೆರಡು ಕಿಲೋ ಆಸುಪಾಸು. ಇನ್ವರ್ಟರ್‌ನಲ್ಲಿರುವುದು ಸೀಸ ಮತ್ತು ಆಸಿಡ್, ಲ್ಯಾಪ್‌ಟಾಪಿನಲ್ಲಿರುವುದು ಲೋಹಗಳಲ್ಲೇ ಅತ್ಯಂತ ಹಗುರವಾದ ಲಿಥಿಯಂ.

ಲ್ಯಾಪ್‌ಟಾಪಿಗೆ ಲಿಥಿಯಂ ಬಂದದ್ದು ತಡವಾಗಿ. 1980ರ ದಶಕದ ಲ್ಯಾಪ್‌ಟಾಪ್‌ಗಳಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತಿತ್ತು. ನಂತರ ನಿಕಲ್-ಮೆಟಲ್ ಹೈಡ್ರೈಡ್ ಬಂತು. ಈ ಎರಡರಲ್ಲೂ ಒಂದು ಸೆಲ್ 1.2 ವೋಲ್ಟ್ ಕೊಟ್ಟರೆ, ಲಿಥಿಯಂ-ಅಯಾನ್ ಸೆಲ್ ಸುಮಾರು 3.7 ವೋಲ್ಟ್ ಕೊಡುತ್ತದೆ. ಇದನ್ನು 1991ರಲ್ಲಿ ಮಾರುಕಟ್ಟೆಗೆ ತಂದದ್ದು ಸೋನಿ. ಇದಕ್ಕೆ ತಳಹದಿ ಹಾಕಿದ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೊಶಿನೊ ಅವರಿಗೆ 2019ರ ರಸಾಯನ ವಿಜ್ಞಾನ ನೊಬೆಲ್ ಸಿಕ್ಕಿತು.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಕಾಣುವುದು ಲಿಥಿಯಂನ ಎರಡು ರೂಪ. ಕಳಚಿ ತೆಗೆಯಬಹುದಾದ ಹಳೆಯ ದಪ್ಪ ಬ್ಯಾಟರಿಯೊಳಗೆ 18 ಮಿಲಿಮೀಟರ್ ಅಡ್ಡಗಲ, 65 ಮಿಲಿಮೀಟರ್ ಉದ್ದದ ದುಂಡನೆಯ ಸೆಲ್‌ಗಳಿರುತ್ತವೆ. ತೆಳು ಲ್ಯಾಪ್‌ಟಾಪಿನಲ್ಲಿ ಚಪ್ಪಟೆ ಪೊಟ್ಟಣದಂಥ ಲಿಥಿಯಂ-ಪಾಲಿಮರ್ ಸೆಲ್ ಒಳಗೇ ಕೂತಿರುತ್ತದೆ. ಎರಡರ ರಸಾಯನವೂ ಬಹುಮಟ್ಟಿಗೆ ಒಂದೇ, ಬೇರೆಯಾಗಿರುವುದು ಹೊದಿಕೆ. 'ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು' ಎಂಬ ಮಾತು ನಿಕಲ್-ಕ್ಯಾಡ್ಮಿಯಂ ಕಾಲದ್ದು. ಲಿಥಿಯಂ ಬ್ಯಾಟರಿಯನ್ನು ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಅದರ ಆಯಸ್ಸೇ ಕುಗ್ಗುತ್ತದೆ.

ಅದಕ್ಕಿಂತ ದೊಡ್ಡ ಶತ್ರು ನಮ್ಮ ಬೇಸಿಗೆ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳೊಳಗೆ ಸೇರುತ್ತವೆ, ಬಳಸುವಾಗ ಹೊರಬರುತ್ತವೆ. ಸೆಕೆ ಹೆಚ್ಚಿದಂತೆ ಗ್ರಾಫೈಟ್ ಮೇಲಿನ ಪೊರೆ ದಪ್ಪವಾಗುತ್ತ ಹೋಗಿ ಒಂದಿಷ್ಟು ಲಿಥಿಯಂ ಅಲ್ಲೇ ಸಿಕ್ಕಿಬೀಳುತ್ತದೆ. ಬ್ಯಾಟರಿ ತುಂಬಿದ್ದಷ್ಟೂ ಈ ಹಾನಿ ಚುರುಕು. ತಂತ್ರಜ್ಞರ ಅಂದಾಜಿನಂತೆ, 40 ಡಿಗ್ರಿ ಬಿಸಿಯಲ್ಲಿ ಪೂರ್ತಿ ತುಂಬಿಸಿ ಒಂದು ವರ್ಷ ಇಟ್ಟ ಬ್ಯಾಟರಿಯಲ್ಲಿ ಉಳಿಯುವ ಸಾಮರ್ಥ್ಯ ಶೇ 65ರಷ್ಟು. ಅದನ್ನೇ 25 ಡಿಗ್ರಿಯಲ್ಲಿ ಶೇ 40 ಚಾರ್ಜ್ ಮಾಡಿ ಇಟ್ಟಿದ್ದರೆ ಶೇ 96ರಷ್ಟು ಉಳಿಯುತ್ತದೆ. ತಗಡಿನ ಮಾಡಿನ ಕೋಣೆಯಲ್ಲಿ, ಇಡೀ ದಿನ ಚಾರ್ಜರ್ ಸಿಕ್ಕಿಸಿದ ಲ್ಯಾಪ್‌ಟಾಪ್ ಬೇಗ ಸೋಲುವುದು ಇದಕ್ಕೇ. ಅನೇಕ ಕಂಪನಿಗಳು ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಸೌಲಭ್ಯ ಕೊಟ್ಟಿವೆ, ಅದನ್ನು ಬಳಸಿ. ಹಾಸಿಗೆ, ದಿಂಬಿನ ಮೇಲಿಟ್ಟು ಗಾಳಿಕಿಂಡಿ ಮುಚ್ಚಬೇಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಬ್ಯಾಟರಿ ಎಷ್ಟು ಸವೆದಿದೆ ಎಂದು ತಿಳಿಯಲು ಅಂಗಡಿಗೆ ಹೋಗಬೇಕಿಲ್ಲ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್‌ನಲ್ಲಿ ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಎಂಬ ಎರಡು ಅಂಕಿಗಳಿವೆ. ಮೊದಲನೆಯದು ಹೊಸತರಲ್ಲಿ ಇದ್ದದ್ದು, ಎರಡನೆಯದು ಈಗ ಉಳಿದದ್ದು. ಉಳಿದದ್ದು ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಬದಲಿಸುವುದೇ ಲೇಸು. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಒಳಗೆ ಅನಿಲ ತುಂಬಿ ಬ್ಯಾಟರಿ ಉಬ್ಬಿದೆ ಎಂದರ್ಥ. ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಕೂಡಲೇ ಬಳಕೆ ನಿಲ್ಲಿಸಿ.

ಹಳೆಯ ಬ್ಯಾಟರಿಯನ್ನು ತಿಪ್ಪೆಗೂ ಎಸೆಯಬೇಡಿ, ಗುಜರಿಗೂ ಹಾಕಬೇಡಿ. ಒಂದೊಂದರಲ್ಲೂ ನಾಲ್ಕೈದು ಗ್ರಾಂ ಲಿಥಿಯಂ ಇರುತ್ತದೆ. ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಭಾಗದ ನೆಲದಲ್ಲಿ ಇದೆಯೆಂದು ಅಂದಾಜಿಸಿದ ಲಿಥಿಯಂ ಬರೀ 1,600 ಟನ್, ಹೀಗಿರುವಾಗ ಆ ಗ್ರಾಂಗಳಿಗೂ ಬೆಲೆಯಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವಾಗ ವ್ಯಾಟ್-ಅವರ್ ಎಷ್ಟು ಎಂದು ಕೇಳಿ, ಹಳೆಯದನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಒಪ್ಪಿಸಿ ಬನ್ನಿ.